ಮಳೆ ಬಿದ್ದ ದಿನ ಯಾವ ಕುದುರೆ? ಒದ್ದೆ ಟ್ರ್ಯಾಕ್‌ಗೆ ಒಂದು ಹೋಲಿಕೆ

ಬೆಳಿಗ್ಗೆಯಿಂದ ಬಿಡದೆ ಮಳೆ. ರಾತ್ರಿ ಕೂತು ರೇಸ್ ಬುಕ್ಕಿನಲ್ಲಿ ಗುರುತು ಹಾಕಿಟ್ಟ ಕುದುರೆಗಳ ಮೇಲೆಲ್ಲ ಈಗ ಅನುಮಾನ. ಫೇವರಿಟ್, ಅಂದರೆ ಜನ ಹೆಚ್ಚು ಹಣ ಹಾಕಿದ ಕುದುರೆ, ಒಣ ನೆಲದಲ್ಲಿ ಸಾಲಾಗಿ ಮೂರು ಸಲ ಗೆದ್ದಿದೆ, ಒದ್ದೆಯಲ್ಲಿ ಒಮ್ಮೆಯೂ ಓಡಿಲ್ಲ. ಇನ್ನೊಂದು ಹಳೇ ಕುದುರೆ, ಎರಡು ವರ್ಷದ ಹಿಂದೆ ಕೆಸರಲ್ಲಿ ಗೆದ್ದಿತ್ತು, ಆಮೇಲೆ ಅದರ ಸದ್ದೇ ಇಲ್ಲ. ಮೂರನೆಯದು ಗೇಟು ತೆರೆದ ಕೂಡಲೇ ಮುಂದಕ್ಕೆ ನುಗ್ಗುವ ಜಾತಿ. ನಾಲ್ಕನೆಯದು ಎಳೆಯದು, ಆದರೆ ಅದರ ಅಪ್ಪನ ಮಕ್ಕಳೆಲ್ಲ ಕೆಸರಿಗೆ ಹೇಳಿ ಮಾಡಿಸಿದ ಹಾಗೆ ಓಡುತ್ತವೆ ಅಂತ ಮಾತು. ಯಾವುದನ್ನು ಹಿಡಿಯುವುದು?

ಮಳೆಗಾಲದಲ್ಲಿ ನನಗೆ ಜಾಸ್ತಿ ಬರುವ ಪ್ರಶ್ನೆ ಇದೇ. ಕೇಳುವವರಿಗೆ ಬೇಕಾದದ್ದು ಒಂದು ಹೆಸರು. ಹೆಸರು ಹೇಳುವುದು ಸುಲಭ, ಆದರೆ ಮುಂದಿನ ಮಳೆಗೆ ಅದು ಕೆಲಸಕ್ಕೆ ಬರುವುದಿಲ್ಲ. ಅದಕ್ಕೇ ನಾನು ಹೇಗೆ ತೂಗಿ ನೋಡುತ್ತೇನೆ ಅನ್ನುವುದನ್ನು ಹೇಳುತ್ತೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮಳೆ ಯಾವ ಕುದುರೆಗೂ ಹೊಸ ಕಾಲು ಕೊಡುವುದಿಲ್ಲ. ಎಲ್ಲದರಿಂದಲೂ ಏನಾದರೂ ಕಿತ್ತುಕೊಳ್ಳುತ್ತದೆ. ಒಂದರಿಂದ ಜಾಸ್ತಿ, ಇನ್ನೊಂದರಿಂದ ಕಡಿಮೆ. ಕಡಿಮೆ ಕಳೆದುಕೊಳ್ಳುವ ಕುದುರೆಯನ್ನು ಹುಡುಕಬೇಕು. ಅಷ್ಟರೊಳಗೆ ಎಲ್ಲರೂ ಅದನ್ನೇ ಹುಡುಕಿ ಅದರ ಬೆಲೆ, ಅಂದರೆ ಗೆದ್ದರೆ ಸಿಗುವ ಹಣ, ಬೀಳಿಸಿದ್ದರೆ ಬಿಟ್ಟುಬಿಡಬೇಕು.

ಒದ್ದೆ ಅಂದರೆ ಯಾವ ಒದ್ದೆ?

ಹೆಚ್ಚಿನವರು ಎಡವುವುದು ಇಲ್ಲೇ. 'ಒದ್ದೆ ಟ್ರ್ಯಾಕ್' ಅನ್ನುವುದು ಒಂದೇ ಒಂದು ಸ್ಥಿತಿ ಅಲ್ಲ.

ಅಮೆರಿಕದ ಮಣ್ಣಿನ ಟ್ರ್ಯಾಕ್‌ಗಳನ್ನು ತೆಗೆದುಕೊಳ್ಳಿ. ಮಳೆ ಬರುವ ಸೂಚನೆ ಸಿಕ್ಕಿದರೆ ಅಲ್ಲಿ ಮಣ್ಣನ್ನು ಒತ್ತಿ, ಮೇಲ್ಮೈ ನಯ ಮಾಡಿಡುತ್ತಾರೆ. ಇದಕ್ಕೆ ಸೀಲ್ ಮಾಡುವುದು ಅಂತಾರೆ. ನೀರು ಒಳಗಿಳಿಯದೆ ಮೇಲಿಂದಲೇ ಹರಿದುಹೋಗಲಿ ಅಂತ. ಆಗ ಮೇಲೆ ನೀರು ನಿಂತಿದ್ದರೂ ಅಡಿಯ ನೆಲ ಗಟ್ಟಿಯಾಗಿರುತ್ತದೆ. ಇದು 'ಸ್ಲಾಪಿ'. ನೋಡಲು ಕೆರೆಯಂತಿದ್ದರೂ ಓಟ ನಿಧಾನ ಅಂತೇನಿಲ್ಲ, ಕೆಲವೊಮ್ಮೆ ಚೆನ್ನಾಗಿಯೇ ಬಿರುಸು. ನೀರು ಒಳಗೆ ಇಳಿದು ಮಣ್ಣು ಕಲಸಿಹೋದರೆ ಅದು 'ಮಡ್ಡಿ'. ಅಲ್ಲಿ ಗೊರಸು ಹೂತು, ಪ್ರತಿ ಹೆಜ್ಜೆಯನ್ನೂ ಕಿತ್ತು ತೆಗೆಯಬೇಕು. ಒಂದರಲ್ಲಿ ಗೆದ್ದ ಕುದುರೆ ಇನ್ನೊಂದರಲ್ಲೂ ಗೆಲ್ಲುತ್ತದೆ ಅನ್ನುವ ಖಾತ್ರಿ ಇಲ್ಲ.

ಹುಲ್ಲಿನ ಟ್ರ್ಯಾಕ್‌ನ ಕಥೆಯೇ ಬೇರೆ. ಬ್ರಿಟನ್‌ನಲ್ಲಿ ಗುಡ್, ಗುಡ್ ಟು ಸಾಫ್ಟ್, ಸಾಫ್ಟ್, ಹೆವಿ ಅಂತ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಆಸ್ಟ್ರೇಲಿಯಾದಲ್ಲಿ 1ರಿಂದ 10ರ ಅಂಕ. 5ರಿಂದ 7 ಸಾಫ್ಟ್, 8ರಿಂದ 10 ಹೆವಿ. ಸಾಫ್ಟ್ 5ಕ್ಕೂ ಹೆವಿ 10ಕ್ಕೂ ಇರುವ ದೂರ, ಒಣ ನೆಲಕ್ಕೂ ಸಾಫ್ಟ್ 5ಕ್ಕೂ ಇರುವ ದೂರಕ್ಕಿಂತ ದೊಡ್ಡದು ಅಂತ ನನ್ನ ಅನಿಸಿಕೆ.

ಅಂಕಿ ಓದುವಾಗ ಒಂದು ಎಚ್ಚರ. ಪೆನಿಟ್ರೋಮೀಟರ್ ಅಂದರೆ ನೆಲಕ್ಕೆ ಸಲಾಕೆ ಹೊಡೆದು, ಅದು ಎಷ್ಟು ಆಳ ಇಳಿಯಿತು ಅಂತ ನೋಡುವ ಸಾಧನ. ಹಾಗಾಗಿ ಅಂಕಿ ಜಾಸ್ತಿಯಾದಷ್ಟೂ ನೆಲ ಮೆದು. ಬ್ರಿಟನ್‌ನ ಗೋಯಿಂಗ್‌ಸ್ಟಿಕ್ ಇದಕ್ಕೆ ತದ್ವಿರುದ್ಧ: ಅಂಕಿ ಜಾಸ್ತಿಯಾದಷ್ಟೂ ನೆಲ ಗಟ್ಟಿ. ಬೇರೆ ದೇಶದ ರೇಸ್ ನೋಡುವಾಗ ಇದನ್ನು ತಿರುವುಮುರುವು ಓದಿದವರಲ್ಲಿ ನಾನೂ ಒಬ್ಬ.

ಇನ್ನೊಂದು ಸೂಕ್ಷ್ಮ ಇದೆ. ಮಳೆ ಸುರಿಯುತ್ತಿರುವಾಗಿನ ನೆಲಕ್ಕಿಂತ, ಮಳೆ ನಿಂತು ಅರ್ಧ ಒಣಗಿದ ನೆಲ ಕುದುರೆಗೆ ಹೆಚ್ಚು ಕಷ್ಟ. ಸುರಿಯುವಾಗ ಕೆಸರು ನೀರುನೀರಾಗಿ ಗೊರಸಿನಿಂದ ಜಾರಿಹೋಗುತ್ತದೆ. ಒಣಗತೊಡಗಿದರೆ ಗೋಂದಿನ ಹಾಗೆ ಹಿಡಿದುಕೊಳ್ಳುತ್ತದೆ. ಬೋರ್ಡಿನ ಮೇಲೆ ಎರಡೂ ದಿನ 'ಸಾಫ್ಟ್' ಅಂತಲೇ ಬರೆದಿರಬಹುದು.

ಮೇಣ ಲೇಪಿಸಿದ ಮರಳಿನ ಕೃತಕ ಟ್ರ್ಯಾಕ್ ಆದರೆ ಈ ಬರಹವನ್ನು ಇಲ್ಲಿಗೇ ನಿಲ್ಲಿಸಬಹುದು. ನೀರು ಅದರ ಮೂಲಕ ಇಳಿದುಹೋಗುತ್ತದೆ. ಸಾಮಾನ್ಯ ದಿನದ ಲೆಕ್ಕವೇ ಸಾಕು.

ಉಳಿದ ಅಳತೆಗೋಲುಗಳು

ನೆಲ ಯಾವುದು ಅಂತ ಗೊತ್ತಾದ ಮೇಲೆ ನಾನು ನಾಲ್ಕು ವಿಷಯ ನೋಡುತ್ತೇನೆ: ಕುದುರೆ ಓಡುವ ರೀತಿ, ಅದರ ಹೆಜ್ಜೆ, ದಮ್ಮು, ಬೆಲೆ.

ಓಡುವ ರೀತಿ ಅಂದರೆ ಮುಂದಿರುತ್ತದೋ, ನಡುವೆ ಕೂರುತ್ತದೋ, ಕೊನೆಯಿಂದ ಬರುತ್ತದೋ ಅನ್ನುವುದು. ಇದರ ಬಗ್ಗೆ ಮುಂದೆ ಜಾಸ್ತಿ ಹೇಳುತ್ತೇನೆ.

ಹೆಜ್ಜೆ ಪ್ಯಾಡಕ್‌ನಲ್ಲಿ (ರೇಸ್‌ಗೆ ಮೊದಲು ಕುದುರೆ ನಡೆಸಿ ತೋರಿಸುವ ಜಾಗ), ಗೇಟಿನ ಕಡೆ ಹೋಗುವಾಗ ಕಾಣುತ್ತದೆ. ಕೆಲವು ಕುದುರೆ ಮೊಣಕಾಲು ಎತ್ತಿ ಎತ್ತಿ, ನೆಲ ಕುಟ್ಟುವ ಹಾಗೆ ಓಡುತ್ತವೆ. ಕೆಲವು ಹುಲ್ಲಿನ ತುದಿ ಸವರಿಕೊಂಡು ಹೋಗುವ ಹಾಗೆ ಕಾಲು ಮುಂದಕ್ಕೆ ಚಾಚುತ್ತವೆ. ಮೆದು ಹುಲ್ಲಿನಲ್ಲಿ ಮೊದಲನೆಯದಕ್ಕೆ ಅನುಕೂಲ. ತಟ್ಟೆಯ ಹಾಗೆ ಅಗಲವಾದ ಗೊರಸು ಮೆದು ಹುಲ್ಲಿಗೆ ಒಳ್ಳೆಯದು ಅಂತ ಲಾಯದವರು ಹೇಳುತ್ತಾರೆ. ಇದೆಲ್ಲ ಅನುಭವದ ಮಾತು. ಇದಕ್ಕೆ ಕಾಲುಭಾಗ ಬೆಲೆ ಕೊಡಿ, ಪೂರ್ತಿ ಬೇಡ.

ದಮ್ಮಿನ ವಿಷಯದಲ್ಲಿ ಮಾತ್ರ ನನಗೆ ಅನುಮಾನ ಇಲ್ಲ. ಹೆವಿ ಹುಲ್ಲಿನಲ್ಲಿ 1200 ಮೀಟರ್ ಓಟ 1400ರ ಹಾಗೆ ದಣಿಸುತ್ತದೆ. ಆದ್ದರಿಂದ ಇವತ್ತಿನ ದೂರಕ್ಕಿಂತ ಸ್ವಲ್ಪ ಉದ್ದದ ಓಟದಲ್ಲಿ ಗೆದ್ದಿರುವ ಕುದುರೆ ಇದ್ದರೆ ನನ್ನ ಪೆನ್ನು ಅಲ್ಲಿ ನಿಲ್ಲುತ್ತದೆ. ಆರು ತಿಂಗಳು ವಿಶ್ರಾಂತಿ ಮುಗಿಸಿ ಇವತ್ತೇ ಮೊದಲು ಓಡುತ್ತಿರುವ ಕುದುರೆಯನ್ನು ಕೆಸರಿನ ದಿನ ನಾನು ಮುಟ್ಟುವುದಿಲ್ಲ. ಹೊರುವ ತೂಕವೂ ಇಲ್ಲೇ ಸೇರುತ್ತದೆ. ಹ್ಯಾಂಡಿಕ್ಯಾಪ್‌ನಲ್ಲಿ, ಅಂದರೆ ಚೆನ್ನಾಗಿ ಓಡುವ ಕುದುರೆಗೆ ಹೆಚ್ಚು ತೂಕ ಹೊರಿಸುವ ರೇಸ್‌ನಲ್ಲಿ, ಎಲ್ಲಕ್ಕಿಂತ ಹೆಚ್ಚು ತೂಕ ಹೊತ್ತ ಕುದುರೆಗೆ ಒಣ ನೆಲದಲ್ಲಿ ಗೊತ್ತಾಗದ ಭಾರ ಕೆಸರಿನ ಕೊನೆಯ 200 ಮೀಟರ್‌ನಲ್ಲಿ ಗೊತ್ತಾಗುತ್ತದೆ.

ಇನ್ನು ಬೆಲೆ. ಇದನ್ನು ಲೆಕ್ಕ ಸಮೇತ ಹೇಳದಿದ್ದರೆ ಅರ್ಥವಾಗುವುದಿಲ್ಲ. ಒಂದು ರೂಪಾಯಿ ಹಾಕಿದರೆ ನಾಲ್ಕು ರೂಪಾಯಿ ಲಾಭ ಅನ್ನುವುದನ್ನು ಇಲ್ಲಿ '1ಕ್ಕೆ 4' ಅಂತ ಬರೆಯುತ್ತೇನೆ. 1ಕ್ಕೆ 4ರ ಕುದುರೆ ಐದರಲ್ಲಿ ಒಂದು ಸಲ ಗೆದ್ದರೆ ಅಸಲು ಬಂತು, ಅಷ್ಟೇ. ಅದಕ್ಕಿಂತ ಹೆಚ್ಚು ಸಲ ಗೆಲ್ಲಬಲ್ಲದು ಅನ್ನಿಸಿದರೆ ಮಾತ್ರ ಹಾಕುವುದರಲ್ಲಿ ಅರ್ಥ.

ಈಗ ನಮ್ಮ ಹಳೇ ಕುದುರೆ ನೋಡಿ. ಒಣ ದಿನ ಅದರ ಬೆಲೆ 1ಕ್ಕೆ 8, ಅಂದರೆ ಒಂಬತ್ತರಲ್ಲಿ ಒಂದು ಸಲ. ಮಳೆ ಬಂದದ್ದರಿಂದ ಅದು ಆರರಲ್ಲಿ ಒಂದು ಸಲ ಗೆಲ್ಲಬಹುದು ಅಂತ ನಿಮ್ಮ ಅಂದಾಜು. 8ರ ಬೆಲೆ ಇನ್ನೂ ಸಿಗುತ್ತಿದ್ದರೆ ಒಳ್ಳೆಯ ವ್ಯಾಪಾರ. ಆದರೆ ಮಳೆ ಎಲ್ಲರಿಗೂ ಕಾಣುತ್ತದೆ ಅಲ್ವಾ? ಜನ ಮುಗಿಬಿದ್ದು ಅದನ್ನು 1ಕ್ಕೆ 4ಕ್ಕೆ ಇಳಿಸಿದ್ದರೆ, ಆರರಲ್ಲಿ ಒಂದು ಸಲ ಗೆಲ್ಲುವ ಕುದುರೆಗೆ ಐದರಲ್ಲಿ ಒಂದು ಸಲ ಗೆಲ್ಲುವ ಬೆಲೆ ಕೊಡುತ್ತಿದ್ದೀರಿ. ಅದೇ ಕುದುರೆ, ಅದೇ ಮಳೆ. ಒಂದು ಗಂಟೆ ಮೊದಲು ಲಾಭದ್ದು, ಈಗ ನಷ್ಟದ್ದು. ಟೋಟ್ (ಎಲ್ಲರ ಹಣ ಒಟ್ಟುಗೂಡಿಸಿ ಗೆದ್ದವರಿಗೆ ಹಂಚುವ ಪದ್ಧತಿ) ಆದರೆ ಕೊನೆಯ ಬೆಲೆ ಗೇಟು ತೆರೆಯುವ ತನಕ ಗೊತ್ತೇ ಆಗುವುದಿಲ್ಲ. ಸಾಲದ್ದಕ್ಕೆ ಟೋಟ್ ತನ್ನ ಪಾಲನ್ನು ಮೊದಲೇ ಎತ್ತಿಟ್ಟುಕೊಂಡಿರುತ್ತದೆ.

ಕೆಸರಲ್ಲಿ ಗೆದ್ದು ತೋರಿಸಿದ ಕುದುರೆ

ಮೊದಲ ನೋಟಕ್ಕೆ ಇದೇ ಸರಿಯಾದ ಆಯ್ಕೆ ಅನ್ನಿಸುತ್ತದೆ. ಹಲವು ಸಲ ಸರಿಯೂ ಹೌದು. 2018ರಲ್ಲಿ ಅಮೆರಿಕದ ದೊಡ್ಡ ರೇಸ್ ಕೆಂಟಕಿ ಡರ್ಬಿಯ ದಿನ, ಅದು ನಡೆಯುವ ಚರ್ಚಿಲ್ ಡೌನ್ಸ್‌ನಲ್ಲಿ ಸುರಿದದ್ದು ಆ ಡರ್ಬಿಯ ಇತಿಹಾಸದಲ್ಲೇ ದೊಡ್ಡ ಮಳೆ. ಗೆದ್ದದ್ದು ಜಸ್ಟಿಫೈ. ಅದು ತನ್ನ ಬದುಕಿನ ಎರಡನೇ ಓಟವನ್ನೇ ಕ್ಯಾಲಿಫೋರ್ನಿಯಾದ ಸಾಂತಾ ಅನಿತಾ ಟ್ರ್ಯಾಕ್‌ನ ಕೆಸರಿನಲ್ಲಿ ಓಡಿ ಸುಲಭವಾಗಿ ಗೆದ್ದಿತ್ತು. ಡರ್ಬಿ ಆದ ಎರಡು ವಾರಕ್ಕೆ ಅಲ್ಲಿನ ಇನ್ನೊಂದು ದೊಡ್ಡ ರೇಸ್ ಪ್ರೀಕ್‌ನೆಸ್‌ನಲ್ಲೂ ಮಳೆ, ಮಂಜು. ಅಲ್ಲೂ ಅದೇ ಗೆದ್ದಿತು. ಕಾಗದದ ಮೇಲೆ ಒದ್ದೆಯ ಗೆಲುವು ಇತ್ತು, ನೆಲದ ಮೇಲೂ ಬಂತು. ಆದರೆ ಜಸ್ಟಿಫೈ ಒಣ ನೆಲದಲ್ಲೂ ಸೋಲದ ಕುದುರೆ ಅನ್ನುವುದನ್ನು ಮರೆಯಬಾರದು. ಕೆಸರು ಅದನ್ನು ಗೆಲ್ಲಿಸಲಿಲ್ಲ. ಕೆಸರಿಗೆ ಅದರಿಂದ ಏನೂ ಕಿತ್ತುಕೊಳ್ಳಲು ಆಗಲಿಲ್ಲ.

ಒದ್ದೆಯ ಗೆಲುವನ್ನು ಓದುವಾಗ ನಾನು ಕೇಳುವುದು: ಆ ಒದ್ದೆಯೂ ಇವತ್ತಿನ ಒದ್ದೆಯೂ ಒಂದೇನಾ? ಅವತ್ತು ಎಷ್ಟು ಕುದುರೆ ಓಡಿದ್ದವು? ಗೆದ್ದದ್ದು ಮುಂದಿನಿಂದಲೋ, ಹಿಂದಿನಿಂದಲೋ? ಕ್ಲಾಸು, ಅಂದರೆ ಆ ರೇಸಿನ ಮಟ್ಟ, ಯಾವುದು?

ಈ ಪ್ರಶ್ನೆಗಳನ್ನು ನಾನು ದುಡ್ಡು ಕೊಟ್ಟು ಕಲಿತದ್ದು. ಒಮ್ಮೆ ಒಂದು ಕುದುರೆಯ ಹೆಸರಿನ ಮುಂದೆ ಒದ್ದೆಯಲ್ಲಿ ಎರಡು ಓಟ, ಎರಡು ಗೆಲುವು ಅಂತ ಕಂಡಿತು. ಮತ್ತೇನೂ ನೋಡದೆ ಆ ದಿನಕ್ಕೆಂದು ಇಟ್ಟುಕೊಂಡಿದ್ದ ಹಣವನ್ನೆಲ್ಲ ಒಂದೇ ಟಿಕೆಟ್ಟಿಗೆ ಹಾಕಿದೆ. ಗೇಟು ತೆರೆಯಿತು, ಒಳಗಿನ ಗೇಟಿನಿಂದ ಹೊರಟ ಕುದುರೆ ಅರ್ಧ ಹೆಜ್ಜೆ ತಡ ಮಾಡಿತು. ಮುಂದಿನ ಐದಾರು ಕುದುರೆಗಳ ಗೊರಸಿನಿಂದ ರಾಡಿ ಎದ್ದು ಅದರ ಮುಖಕ್ಕೆ ರಪ್ಪೆಂದು ಬಡಿಯಿತು. ತಲೆ ಎತ್ತಿತು, ಕಿವಿ ಹಿಂದಕ್ಕೆ ಒತ್ತಿತು, ಅಲ್ಲಿಗೆ ಅದರ ರೇಸ್ ಮುಗಿಯಿತು. ಮನೆಗೆ ಬಂದು ಹಳೇ ಓಟ ತೆಗೆದು ನೋಡಿದೆ. ಎರಡೂ ಗೆಲುವು ಐದೈದು ಕುದುರೆಗಳ ಓಟದಲ್ಲಿ, ಎರಡರಲ್ಲೂ ಮೊದಲಿನಿಂದ ಕೊನೆಯ ತನಕ ಅದೇ ಮುಂದೆ. ಅದು ಕೆಸರನ್ನು ಗೆದ್ದೇ ಇರಲಿಲ್ಲ. ಕೆಸರು ಅದರ ಮುಖಕ್ಕೆ ಬಡಿದದ್ದೇ ಅವತ್ತು ಮೊದಲು.

ಗೆಲುವಿನ ಅಂತರಕ್ಕೂ ಮರುಳಾಗಬೇಡಿ. ಕೆಸರಿನ ದಿನ ದಣಿದ ಕುದುರೆಗಳು ಸಾಲಾಗಿ ದೂರ ದೂರ ಬಂದು ಮುಗಿಸುತ್ತವೆ. ಎಂಟು ಲೆಂತ್‌ನ (ಒಂದು ಲೆಂತ್ ಅಂದರೆ ಒಂದು ಕುದುರೆಯ ಉದ್ದ) ಗೆಲುವು ಒಣ ನೆಲದ ಎರಡು ಮೂರು ಲೆಂತ್‌ಗೆ ಸಮ ಇರಬಹುದು. ಹಿಂದಿನವು ಸೋಲೊಪ್ಪಿ ನಿಧಾನಿಸಿರುತ್ತವೆ, ಜಾಕಿಗಳೂ ಸುಮ್ನೆ ಹೊಡೆಯುವುದಿಲ್ಲ. ಟೈಮಿಂಗ್ ಅಂತೂ ಬೇರೆ ದಿನದ ಜೊತೆ ಹೋಲಿಸಲೇಬೇಡಿ. ಅದೇ ದಿನದ ಬೇರೆ ರೇಸ್‌ಗಳ ಜೊತೆ ಹೋಲಿಸಿದರೆ ಏನಾದರೂ ಸಿಗುತ್ತದೆ.

ಮುಂದೆ ಓಡುವ ಕುದುರೆ

ಮಣ್ಣಿನ ಟ್ರ್ಯಾಕ್ ಸ್ಲಾಪಿ ಆಗಿದ್ದರೆ ನಾನು ಮೊದಲು ನೋಡುವುದು ಇದನ್ನೇ. ಕಾರಣ ಈಗಷ್ಟೇ ಹೇಳಿದೆ. ಮುಂದಿರುವ ಕುದುರೆಯ ಮುಖ ಸ್ವಚ್ಛ. ಹಿಂದಿರುವವಕ್ಕೆ ಗಂಟೆಗೆ ಅರವತ್ತು ಕಿಲೋಮೀಟರ್ ವೇಗದಲ್ಲಿ ರೊಚ್ಚೆಯ ಸ್ನಾನ. ಜಾಕಿಗಳು ಒಂದರ ಮೇಲೊಂದು ಮೂರು ನಾಲ್ಕು ಗಾಗಲ್ಸ್ ಹಾಕಿಕೊಂಡಿರುತ್ತಾರೆ. ಮೇಲಿನದು ಮುಚ್ಚಿಹೋದ ಕೂಡಲೇ ಕೆಳಕ್ಕೆ ಎಳೆದು ಮುಂದಿನದರಲ್ಲಿ ನೋಡುತ್ತಾರೆ. ಕುದುರೆಗೆ ಆ ಸೌಲಭ್ಯ ಇಲ್ಲ. ಬ್ಲಿಂಕರ್ (ಅಕ್ಕಪಕ್ಕ ಕಾಣದಂತೆ ಕಣ್ಣಿಗೆ ಹಾಕುವ ಬಟ್ಟಲು) ಹಾಕಿದ ಕುದುರೆಯಾದರೆ ಆ ಬಟ್ಟಲಿನೊಳಗೆ ಕೆಸರು ನೀರು ತುಂಬಿಕೊಳ್ಳಬಹುದು. ಅದಕ್ಕೇ ಕೆಲವು ಟ್ರೈನರ್‌ಗಳು ಅದರ ತಳಕ್ಕೆ ತೂತು ಮಾಡಿಸಿರುತ್ತಾರೆ. ಬಾಲವನ್ನು ಗಂಟು ಕಟ್ಟಿರುವುದನ್ನೂ ನೀವು ನೋಡಿರಬಹುದು. ಕೆಸರು ಮೆತ್ತಿ ಭಾರವಾಗದಿರಲಿ ಅಂತ ಅದು.

ತೊಂದರೆ ಎಲ್ಲಿ? ಈ ವಿಷಯ ಎಲ್ಲ ಜಾಕಿಗಳಿಗೂ ಗೊತ್ತು. ಎಲ್ಲರೂ ಮುಂದೆ ಹೋಗಲು ನೋಡಿದರೆ ಮೊದಲ ಎರಡು ಫರ್ಲಾಂಗ್‌ನಲ್ಲೇ ಮೂರು ನಾಲ್ಕು ಕುದುರೆ ಒಂದನ್ನೊಂದು ಸುಸ್ತು ಮಾಡಿಕೊಳ್ಳುತ್ತವೆ. 2009ರ ಕೆಂಟಕಿ ಡರ್ಬಿ ನೆನಪಿಸಿಕೊಳ್ಳಿ. ಟ್ರ್ಯಾಕ್ ಸ್ಲಾಪಿ. ಮೈನ್ ದಟ್ ಬರ್ಡ್, 1ಕ್ಕೆ 50ರ ಕುದುರೆ, ಎಲ್ಲಕ್ಕಿಂತ ಹಿಂದೆ ಉಳಿದಿತ್ತು. ಜಾಕಿ ಕ್ಯಾಲ್ವಿನ್ ಬೊರೆಲ್ ಒಳಗಿನ ರೇಲ್‌ಗೆ (ಟ್ರ್ಯಾಕ್ ಅಂಚಿನ ಬೇಲಿ) ಅಂಟಿಕೊಂಡೇ ಬಂದು, ಸಂದು ಸಿಕ್ಕಲ್ಲಿ ನುಸುಳಿ, ಆರು ಮುಕ್ಕಾಲು ಲೆಂತ್‌ನಿಂದ ಗೆದ್ದರು. ಮರುವರ್ಷ 2010ರಲ್ಲೂ ಟ್ರ್ಯಾಕ್ ಸ್ಲಾಪಿ. ಸೂಪರ್ ಸೇವರ್ ಮೇಲೆ ಅದೇ ಬೊರೆಲ್, ಅದೇ ರೇಲ್, ಮತ್ತೆ ಗೆಲುವು. 'ಮುಂದೆ ಓಡುವುದೇ ಗೆಲ್ಲುತ್ತದೆ' ಅನ್ನುವವರಿಗೆ ಅವೆರಡು ಡರ್ಬಿ ಸಾಕು.

ಹಾಗಾಗಿ ಮುಂದೆ ಓಡುವ ಕುದುರೆ ಒಂದೇ ಒಂದು ಇದ್ದರೆ ಅದಕ್ಕೆ ತೂಕ ಕೊಡಿ. ಮೂರಿದ್ದರೆ ಮೂರನ್ನೂ ಬಿಟ್ಟು ಅವುಗಳ ಬೆನ್ನಿಗೆ ಕೂರುವ ಕುದುರೆ ನೋಡಿ. ಮಳೆಯ ದಿನ ಕೊನೇ ಗಳಿಗೆಯಲ್ಲಿ ಕುದುರೆಗಳನ್ನು ವಾಪಸ್ ತೆಗೆಯುವುದು ಜಾಸ್ತಿ. ಬೆಳಿಗ್ಗೆ ಮೂರಿದ್ದದ್ದು ಮಧ್ಯಾಹ್ನಕ್ಕೆ ಒಂದಾಗಿರಬಹುದು. ವಾಪಸ್ ಹೋದವುಗಳ ಪಟ್ಟಿ ನೋಡದೆ ಮಳೆಯ ರೇಸ್‌ಗೆ ಟಿಕೆಟ್ ತೆಗೆಯಬೇಡಿ.

ಹೆವಿ ಹುಲ್ಲಿಗೆ ಬಂದರೆ ಈ ಲೆಕ್ಕ ಬದಲಾಗುತ್ತದೆ. ಅಲ್ಲಿ ಮುಂದೆ ಓಡುವ ಕುದುರೆ ದಮ್ಮಿನವನಲ್ಲದಿದ್ದರೆ ಕೊನೆಯ ಸ್ಟ್ರೇಟ್‌ನಲ್ಲಿ (ಗೆರೆ ಮುಟ್ಟುವ ಮೊದಲಿನ ನೇರ ದಾರಿ) ನಿಂತೇಬಿಡುತ್ತದೆ. ಹಿಂದಿನ ರೇಸ್‌ಗಳಲ್ಲಿ ರೇಲ್ ಪಕ್ಕದ ಹುಲ್ಲು ಕಿತ್ತುಹೋಗಿದ್ದರೆ ಜಾಕಿಗಳು ಹೊರಗಿನ ಒಳ್ಳೆಯ ನೆಲ ಹುಡುಕಿ ಅಗಲಕ್ಕೆ ಹೋಗುತ್ತಾರೆ. ಆಗ ಒಳಗಿನ ಗೇಟು ಅನುಕೂಲ ಅಲ್ಲ, ಬಲೆ.

ಒಣ ನೆಲದ ಫೇವರಿಟ್

2012ರ ಅಕ್ಟೋಬರ್ 20. ಇಂಗ್ಲೆಂಡಿನ ಆಸ್ಕಟ್‌ನಲ್ಲಿ ಚಾಂಪಿಯನ್ ಸ್ಟೇಕ್ಸ್ ರೇಸ್, ನೆಲ ಮೆದು. ಒಂದು ಕಡೆ ಅಲ್ಲಿಯ ತನಕ 13 ಓಟ, 13 ಗೆಲುವಿನ ಫ್ರಾಂಕೆಲ್. ಇನ್ನೊಂದು ಕಡೆ ಮೆದು ನೆಲ ಅಂದರೆ ಮೈಚಳಿ ಬಿಟ್ಟು ಓಡುವ, ಹಿಂದಿನ ವರ್ಷ ಇದೇ ರೇಸ್ ಗೆದ್ದಿದ್ದ ಸಿರಸ್ ದೇಸ್ ಐಗಲ್. ಫ್ರಾಂಕೆಲ್‌ಗೆ ಆ ನೆಲ ಇಷ್ಟದ್ದಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಗೇಟಿನಿಂದಲೂ ತಡವಾಗಿ ಹೊರಟಿತು. ಆದರೂ ಒಂದು ಮುಕ್ಕಾಲು ಲೆಂತ್‌ನಿಂದ ಗೆದ್ದು, 14ಕ್ಕೆ 14 ಮಾಡಿ ನಿವೃತ್ತಿಯಾಯಿತು. ಕೆಸರು ಅದರಿಂದ ಬೇಕಾದಷ್ಟು ಕಿತ್ತುಕೊಂಡಿತು, ಉಳಿದದ್ದೇ ಗೆಲುವಿಗೆ ಸಾಕಾಯಿತು.

ಆದರೆ ಬೆಲೆ ನೋಡಿ: 11 ಹಾಕಿದರೆ 2 ಲಾಭ. ನೋಡಲು ಸೊಗಸು, ಹಣ ಹಾಕಲು ಅಲ್ಲ.

ಇದರ ಇನ್ನೊಂದು ಮುಖ 2019ರ ಆರ್ಕ್ ಡಿ ಟ್ರಿಯಂಫ್, ಫ್ರಾನ್ಸ್‌ನ ದೊಡ್ಡ ರೇಸ್. ಲಾಂಗ್‌ಶಾಂಪ್, 2400 ಮೀಟರ್, ತುಂಬಾ ಮೆದುವಾದ ನೆಲ. 2017 ಮತ್ತು 2018ರಲ್ಲಿ ಗೆದ್ದಿದ್ದ ಎನೇಬಲ್ ಮೂರನೇ ಗೆಲುವಿಗೆ ಬಂದಿತ್ತು, ಎಲ್ಲರ ಫೇವರಿಟ್. ಸ್ಟ್ರೇಟ್‌ನಲ್ಲಿ ಮುಂದೆ ಬಂತು, ಗೆದ್ದೇಬಿಟ್ಟಿತು ಅನ್ನಿಸಿತು. ಕೊನೆಯಲ್ಲಿ ಕಾಲು ಭಾರವಾಗಿ ವಾಲ್ಡ್‌ಗೈಸ್ಟ್ ದಾಟಿಹೋಯಿತು. ಮರುವರ್ಷದ ಆರ್ಕ್‌ನಲ್ಲಿ ನೆಲ ಇನ್ನೂ ಕೆಟ್ಟಿತ್ತು, ಎನೇಬಲ್ ಆರನೇ ಸ್ಥಾನ. ಕ್ಲಾಸಿನಲ್ಲಿ ಅದಕ್ಕೆ ಕೊರತೆ ಇರಲಿಲ್ಲ. ಆದರೆ ಎದುರಾಳಿಗಳಿಗೂ ಅದಕ್ಕೂ ಇದ್ದ ಅಂತರ ಕೆಸರು ಕಿತ್ತುಕೊಂಡದ್ದಕ್ಕಿಂತ ಚಿಕ್ಕದಾಗಿತ್ತು.

ಫೇವರಿಟ್ ಬಗ್ಗೆ ಕೇಳಬೇಕಾದದ್ದು ಇದನ್ನೇ. ಒಣ ನೆಲದಲ್ಲಿ ಅದು ಉಳಿದವಕ್ಕಿಂತ ಎಷ್ಟು ಮೇಲಿದೆ? ಅರ್ಧ ಲೆಂತ್‌ನ ಗೆಲುವುಗಳಿಂದ ಫೇವರಿಟ್ ಆಗಿದ್ದರೆ ಕೆಸರಿನ ದಿನ ನಾನು ಅದರ ವಿರುದ್ಧ. ಎಲ್ಲೋ ಒಂದು ಕುದುರೆ ಆ ಕ್ಲಾಸನ್ನೇ ಮೀರಿ ನಿಂತಿದ್ದರೆ ಎದುರು ಹಾಕಿಕೊಳ್ಳುವುದಿಲ್ಲ. ಆದರೆ ಅದರ ಮೇಲೆ ಹಣವನ್ನೂ ಹಾಕುವುದಿಲ್ಲ.

ವಂಶ ನೋಡಿ ಹಿಡಿಯುವುದು

ಎಳೆಯ ಕುದುರೆಗೆ ಒದ್ದೆಯ ದಾಖಲೆ ಇರುವುದಿಲ್ಲ. ಆಗ ಉಳಿದಿರುವುದು ಅಪ್ಪ, ಅಮ್ಮನ ಅಪ್ಪ. ಇದನ್ನು ಸುಮ್ನೆ ತಳ್ಳಿಹಾಕಬೇಡಿ.

ಜರ್ಮನಿಯ ಆಡ್ಲರ್‌ಫ್ಲೂಗ್ 2007ರಲ್ಲಿ ತನ್ನ ದೇಶದ ಡರ್ಬಿಯನ್ನು ಹೆವಿ ನೆಲದಲ್ಲಿ ಗೆದ್ದ ಕುದುರೆ. ಅದರ ಮಗ ಇನ್ ಸ್ವೂಪ್ 2020ರ ಕೆಸರಿನ ಆರ್ಕ್‌ನಲ್ಲಿ ಎರಡನೆಯದಾಗಿ ಬಂತು. 2021ರ ಆರ್ಕ್ ದಿನವೂ ನೆಲ ಹೆವಿ. ಆಡ್ಲರ್‌ಫ್ಲೂಗ್‌ನ ಇನ್ನೊಬ್ಬ ಮಗ ಟಾರ್ಕ್ವೇಟರ್ ಟಾಸೊ ಹೊರಗಿನಿಂದ ಬಂದು ಗೆದ್ದಿತು, 1ಕ್ಕೆ 70 ಮೀರಿದ ಬೆಲೆಗೆ. ಅದೇನು ಹೆಸರಿಲ್ಲದ ಕುದುರೆಯಾಗಿರಲಿಲ್ಲ, ಜರ್ಮನಿಯ ದೊಡ್ಡ ರೇಸ್‌ಗಳನ್ನು ಗೆದ್ದಿತ್ತು. ಅಪ್ಪ, ನೆಲ, ದಮ್ಮು, ಕ್ಲಾಸು ಎಲ್ಲ ಕಾಗದದ ಮೇಲೆ ಇತ್ತು. ಜನ ಓದಲಿಲ್ಲ. ನಾನೂ ಓದಿರಲಿಲ್ಲ.

ಅಮೆರಿಕದಲ್ಲಿ ಇದನ್ನೇ ಅಂಕಿಯಾಗಿಸಿ ಟಾಮ್ಲಿನ್‌ಸನ್ ನಂಬರ್ ಅಂತ ರೇಸ್ ಪತ್ರಿಕೆಯಲ್ಲಿ ಕೊಡುತ್ತಾರೆ. ಆ ವಂಶದವು ಒದ್ದೆಯಲ್ಲಿ ಎಷ್ಟು ಚೆನ್ನಾಗಿ ಓಡುತ್ತವೆ ಅನ್ನುವ ಅಂದಾಜು ಅದು. ಉಪಯೋಗ ಇದೆ, ಆದರೆ ಮಿತಿಯೂ ಇದೆ. ಕುದುರೆ ಸ್ವತಃ ಮೂರು ನಾಲ್ಕು ಸಲ ಕೆಸರಲ್ಲಿ ಓಡಿ ಸೋತಿದ್ದರೆ ಅಪ್ಪನ ಹೆಸರು ಹಿಡಿದು ಕೂರಬಾರದು. ದಾಖಲೆ ಇಲ್ಲದಿರುವಾಗ ಮಾತ್ರ ವಂಶ ಮಾತಾಡಲಿ.

ಯಾರಿಗೆ ಯಾವುದು?

ವರ್ಷಕ್ಕೆ ಒಂದೆರಡು ಸಲ ಗೆಳೆಯರ ಜೊತೆ ಹೋಗುವವರು, ಹೋದ ಹಣ ಹೋಯಿತು ಅಂತ ಇಟ್ಟುಕೊಂಡು ಹೋಗುವವರು ನೀವಾದರೆ ಸರಳವಾಗಿ ಮಾಡಿ. ಸ್ಲಾಪಿ ಮಣ್ಣಾದರೆ ಒಂಟಿಯಾಗಿ ಮುಂದೆ ಓಡುವ ಕುದುರೆ. ಮೆದು ಹುಲ್ಲಾದರೆ ಉದ್ದ ದೂರದಲ್ಲಿ ಗೆದ್ದಿರುವ, ಕಡಿಮೆ ತೂಕದ ಕುದುರೆ. ಕುದುರೆಗಳು ಎಂಟಕ್ಕಿಂತ ಜಾಸ್ತಿ ಇದ್ದರೆ ವಿನ್ (ಗೆದ್ದರೆ ಮಾತ್ರ ಹಣ) ಬದಲು ಪ್ಲೇಸ್ (ಮೊದಲ ಕೆಲವು ಸ್ಥಾನದಲ್ಲಿ ಬಂದರೂ ಹಣ) ನೋಡಿ. ಲಾಭ ಕಡಿಮೆ, ಆದರೆ ಮೂರನೇ ರೇಸ್‌ಗೇ ಜೇಬು ಖಾಲಿಯಾಗುವುದಿಲ್ಲ.

ವಾರ ವಾರ ರೇಸ್ ಓದುವವರಿಗೆ ಎರಡು ಕುದುರೆ ಹಿಡಿಯುವ ದಾರಿ ಇದೆ. ನಿಮ್ಮ ಎರಡು ಆಯ್ಕೆಗಳ ಬೆಲೆ 1ಕ್ಕೆ 4 ಮತ್ತು 1ಕ್ಕೆ 8 ಅಂತಿಟ್ಟುಕೊಳ್ಳಿ. ಹಣವನ್ನು 14 ಪಾಲು ಮಾಡಿ. 9 ಪಾಲು ಮೊದಲನೆಯದಕ್ಕೆ, 5 ಎರಡನೆಯದಕ್ಕೆ. ಯಾವುದು ಗೆದ್ದರೂ ಕೈಗೆ 45 ಬರುತ್ತದೆ, ಲಾಭ 31. ಒಂದು ಕೆಸರಲ್ಲಿ ಗೆದ್ದದ್ದು, ಇನ್ನೊಂದು ಮುಂದೆ ಓಡುವುದು, ಹೀಗೆ ಬೇರೆ ಬೇರೆ ಕಾರಣಕ್ಕೆ ಹಿಡಿದ ಎರಡು ಕುದುರೆಗೆ ಇದು ಚೆನ್ನಾಗಿ ಹೊಂದುತ್ತದೆ. ಎರಡೂ ಒಂದೇ ಜಾತಿಯವಾದರೆ ಒಂದು ಸೋಲುವ ಕಾರಣಕ್ಕೇ ಇನ್ನೊಂದೂ ಸೋಲುತ್ತದೆ.

ದೊಡ್ಡ ಹಣದ ಆಸೆ ಇರುವವರಿಗೆ ಮಳೆಯ ದಿನ ಟ್ರೈಫೆಕ್ಟಾ (ಮೊದಲ ಮೂರು ಕುದುರೆಯನ್ನು ಅದೇ ಕ್ರಮದಲ್ಲಿ ಹೇಳುವುದು) ಕೈಬೀಸಿ ಕರೆಯುತ್ತದೆ. ಫಲಿತಾಂಶ ತಲೆಕೆಳಗಾಗುವುದರಿಂದ ಬರುವ ಹಣ ದೊಡ್ಡದು, ನಿಜ. ಆದರೆ ಮೂರು ಕುದುರೆಯನ್ನು ಎಲ್ಲ ಕ್ರಮದಲ್ಲೂ ಹಿಡಿಯಲು 6 ಟಿಕೆಟ್ ಬೇಕು, ನಾಲ್ಕಕ್ಕೆ 24, ಐದಕ್ಕೆ 60. ಕೆಸರಿನ ಅನುಮಾನಕ್ಕೆ ಇನ್ನೊಂದು ಕುದುರೆ ಸೇರಿಸೋಣ ಅಂತ ಹೊರಟರೆ ಖರ್ಚು ಹಾಗೆ ಏರುತ್ತದೆ. ಕಡಿಮೆ ಬಜೆಟ್ಟಿನವರು ಆ ಕಡೆ ತಿರುಗಿಯೂ ನೋಡಬೇಡಿ.

ಬಿಟ್ಟುಬಿಡುವುದೂ ಒಂದು ಆಯ್ಕೆ ಅನ್ನುವುದನ್ನು ಯಾರೂ ಕೇಳುವುದಿಲ್ಲ. ಎಲ್ಲ ಕುದುರೆಗಳೂ ಒದ್ದೆಗೆ ಹೊಸಬ, ವಂಶವೂ ಏನೂ ಹೇಳುತ್ತಿಲ್ಲ ಅಂದರೆ ನಾನು ಆ ರೇಸ್ ಬರೀ ನೋಡುತ್ತೇನೆ. ಬಿಸಿಲು ಇದ್ದಾಗ ಹುಲ್ಲಿಗೆ ಅಂತ ಇಟ್ಟ ರೇಸನ್ನು ಮಳೆಯಿಂದ ಮಣ್ಣಿಗೆ ಬದಲಿಸಿದರೂ ಅಷ್ಟೇ. ಅದು ನಾನು ಓದಿದ ರೇಸೇ ಅಲ್ಲ.

ಮೊದಲ ಎರಡು ರೇಸ್‌ಗೆ ಕೈಕಟ್ಟಿ ಕೂರುವುದು ಇನ್ನೂ ಒಳ್ಳೆಯದು. ಓಟ ಮುಗಿಸಿ ಬರುವ ಜಾಕಿಗಳನ್ನು ನೋಡಿ. ಗೆದ್ದವನ ಅಂಗಿಯ ಎದೆ ಇನ್ನೂ ಬೆಳ್ಳಗಿದ್ದು, ಹಿಂದೆ ಬಂದವರೆಲ್ಲ ಗುರುತು ಸಿಗದಂತೆ ಮೆತ್ತಿಕೊಂಡಿದ್ದರೆ ಅವತ್ತು ಮುಂದೆ ಓಡುವವುಗಳ ದಿನ. ಗೆದ್ದವನ ಮುಖವೂ ರಾಡಿಯಾಗಿದ್ದು, ಕುತ್ತಿಗೆಯಲ್ಲಿ ಮೂರು ಗಾಗಲ್ಸ್ ನೇತಾಡುತ್ತಿದ್ದರೆ ಹಿಂದಿನಿಂದ ಬರುವವುಗಳಿಗೂ ದಾರಿ ಇದೆ. ಹುಲ್ಲಾದರೆ ಸ್ಟ್ರೇಟ್‌ನಲ್ಲಿ ಗೆದ್ದ ಕುದುರೆ ರೇಲ್‌ನಿಂದ ಎಷ್ಟು ಹೊರಗೆ ಓಡಿತು ಅಂತ ಗುರುತು ಹಾಕಿಕೊಳ್ಳಿ. ಮೂರನೇ ರೇಸ್‌ಗೆ ರೇಸ್ ಬುಕ್ ತೆರೆಯುವಾಗ ರಾತ್ರಿ ಹಾಕಿದ ಗುರುತುಗಳಲ್ಲಿ ಅರ್ಧ ತಾವಾಗಿಯೇ ಅಳಿಸಿರುತ್ತವೆ.